ದಿನಕ್ಕೆರಡು ಕೊಡ ನೀರು

ನೀನಿನ್ನೂ ಸತ್ತಿಲ್ಲವಂತೆ, ದೋಬ್ರಿಲಾ.
ಸ್ಪ್ಲಿಟ್ ಪಟ್ಟಣದ ನೋಂದಣಿ ಕಚೇರಿಯಲ್ಲಿ
ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸು ಹೇಳಿದಳು:
ಸತ್ತದ್ದಕ್ಕೆ ಕಾಗದವಿಲ್ಲ, ಹಾಗಾಗಿ ಇದ್ದಾರೆ.
ಬೆರಳಲ್ಲಿ ಎಣಿಸಿದೆ. ನಿನಗೀಗ ನೂರಾ ಹದಿನಾಲ್ಕು.

ನಾನು ಹೋದದ್ದು ಬರೀ ಮಾಡಿನ ಸಲುವಾಗಿ.
ದ್ವೀಪದ ಮನೆ, ಕಲ್ಲುಚಪ್ಪಡಿಯ ಮಾಡು, ನಿನಗೆ ಗೊತ್ತಿದ್ದದ್ದೇ;
ಫೆಬ್ರವರಿಯ ಬೂರಾ ಗಾಳಿ ಅದರ ಒಂದು ಮೂಲೆಯನ್ನು
ಒಣರೊಟ್ಟಿ ಮುರಿದ ಹಾಗೆ ಮುರಿದು ಹೋಯಿತು.
ಈಗ ಮಳೆ ಬಂದರೆ ನೀರು ತೊಟ್ಟಿಗಿಳಿಯುವುದಿಲ್ಲ,
ನಿನ್ನ ಕೋಣೆಗಿಳಿಯುತ್ತದೆ.
ಪತ್ರ ಚೊಕ್ಕವಿದ್ದರೆ ಸಾಲ ಕೊಡುತ್ತೇವೆ ಎಂದರು ಬ್ಯಾಂಕಿನವರು.
ಚೊಕ್ಕ ಎಲ್ಲಿಂದ ಬಂತು? ಪತ್ರದ ತುಂಬ ನೀನೇ.

ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ನಿನ್ನಪ್ಪ ಬರೆಸಿದ್ದು:
ಮಗಳು ದೋಬ್ರಿಲಾ ಮದುವೆಯಾಗುವ ತನಕ ಅಥವಾ ಸಾಯುವ ತನಕ
ದಕ್ಷಿಣದ ಕೋಣೆ ಅವಳದು.
ತೊಟ್ಟಿಯಿಂದ ದಿನಕ್ಕೆರಡು ಕೊಡ ನೀರು.
ಶನಿವಾರದ ದಿನ ಒಲೆ.
ಗೋಡೆಯ ಬಳಿಯ ಅಂಜೂರ, ಹಣ್ಣು ಮಾತ್ರ, ಮರವಲ್ಲ.
ಅಲ್ಲಿಯ ತನಕ ಈ ಮನೆಯನ್ನು ಯಾರೂ
ಮಾರತಕ್ಕದ್ದಲ್ಲ, ಅಡವಿಡತಕ್ಕದ್ದಲ್ಲ.

ಹಣ್ಣು ಮಾತ್ರ, ಮರವಲ್ಲ! ಎಂಥ ಜಿಪುಣ ಅಂದುಕೊಂಡೆ.
ಮೂರನೇ ಸಲ ಓದುವಾಗ ಅಷ್ಟು ಖಚಿತವಿರಲಿಲ್ಲ.

ಮದುವೆಯ ದಾಖಲೆಯಾದರೂ ಸಾಕು ಎಂದ ವಕೀಲ ಹ್ರವೋಯೆ.
ಚಿಲಿಗೆ ಬರೆದೆವು. ಪುಂತಾ ಅರೇನಸ್ಸಿನಿಂದ
ಮೂರು ಮುದ್ರೆ ಒತ್ತಿದ ಕಾಗದ ಬಂತು:
ಈ ಹೆಸರಿನವರು ಇಲ್ಲಿ ಮದುವೆಯಾಗಿಲ್ಲ, ಮಣ್ಣಾಗಿಲ್ಲ.
ನೀನು ಅಣ್ಣನಿಗೆ, ಅಂದರೆ ನನ್ನಜ್ಜನಿಗೆ,
ಬರೆದ ಕೊನೆಯ ಕಾಗದ ಐವತ್ತೆರಡರದು. ಆಮೇಲೆ ಉತ್ತರವಿಲ್ಲ.
‘ಹಾಗಿದ್ದರೆ ಕೊಲ್ಲಬೇಕಾಗುತ್ತದೆ’ ಎಂದು ನಕ್ಕ ಹ್ರವೋಯೆ,
‘ಕೋರ್ಟಿನ ಮೂಲಕ.’

ನಾನು ಹಡಗಿನ ಟಿಕೆಟ್ ಕಿಟಕಿಯಲ್ಲಿ ಕೂರುವವಳು.
ಹೋಗುವವರಿಗೆ ಚೀಟಿ ಹರಿದು ಕೊಡುತ್ತೇನೆ.
ಬಾರದವರ ಲೆಕ್ಕ ನನ್ನ ಕೆಲಸವಲ್ಲ.

ಕೋರ್ಟು ಊರ ಹಲಗೆಗೆ ನೋಟೀಸು ಅಂಟಿಸಿತು:
ದೋಬ್ರಿಲಾಳ ಬದುಕಿನ ಬಗ್ಗೆ ಬಲ್ಲವರು
ಮೂರು ತಿಂಗಳೊಳಗೆ ಬಂದು ತಿಳಿಸತಕ್ಕದ್ದು.
ಅವರು ಕೇಳಿದ್ದು ನೀನು ಬದುಕಿದ್ದೀಯಾ ಎಂದು.
ಊರವರಿಗೆ ತಿಳಿದದ್ದು, ಹೇಗೆ ಬದುಕಿದೆ ಎಂದು.

ತೊಂಬತ್ತೊಂದರ ಲೋವ್ರೆ ಕೋಲೂರಿಕೊಂಡು ಬಂದ.
ನಾಲ್ಕು ವರ್ಷದವನಿಗೆ ಗೋಡೆಯ ಮೇಲಿಂದ ಹಣ್ಣು ಕೊಟ್ಟು
‘ತೊಟ್ಟು ಇಲ್ಲಿ ಬಿಸಾಡಬೇಡ, ಅಪ್ಪ ಎಣಿಸುತ್ತಾನೆ’ ಎಂದೆಯಂತೆ.
ಪೆರಿನಾ ತನ್ನ ತಾಯಿ ಹೇಳಿದ್ದನ್ನು ಹೇಳಿದಳು:
ಎರಡು ಸಂಬಂಧ ಒಪ್ಪಲಿಲ್ಲವಂತೆ ನೀನು.
ಗಂಡಸು ಬಂದರೆ ಕೋಣೆ ಹೋಗುತ್ತದೆ ಅಂದೆಯಂತೆ.
ಕೋಣೆಯಲ್ಲಿ ಬಾಗಿಲು ಹಾಕಿ ಏನು ಮಾಡುತ್ತಿದ್ದೆ?
ಏನೂ ಇಲ್ಲವಂತೆ. ಸುಮ್ಮನೆ ಕೂತಿರುತ್ತಿದ್ದೆಯಂತೆ.
ಮತ್ಯಾರೋ ಒಂದು ಫೋಟೋ ತಂದರು.
ಉಣ್ಣೆಯ ಗೋದಾಮಿನ ಮುಂದೆ ಕತ್ತರಿಸಿದ ಕೂದಲಲ್ಲಿ ನೀನು.
ಹಿಂದುಗಡೆ ಪೆನ್ಸಿಲ್ಲಿನಲ್ಲಿ:
‘ಇಲ್ಲೂ ನನಗೊಂದು ಕೋಣೆಯಿದೆ. ಕಿಟಕಿ ಉತ್ತರಕ್ಕೆ.
ಇಲ್ಲಿ ಬಿಸಿಲು ಆ ಕಡೆಯಿಂದ ಬರುತ್ತದೆ.’

ಇವು ಯಾವುವೂ ಸಾಕ್ಷಿಯಲ್ಲ ಎಂದರು ನ್ಯಾಯಾಧೀಶರು,
ಫೋಟೋವನ್ನು ಮಾತ್ರ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು.
ನಿನಗೊಂದು ಸಾವಿನ ದಿನ ಗೊತ್ತುಮಾಡಿದರು,
ಯಾವುದೋ ವರ್ಷದ ಕೊನೆಯ ರಾತ್ರಿ, ಹನ್ನೆರಡು ಗಂಟೆ.

ಕನ್ನಡಕದ ಹೆಂಗಸು ಹಳೆಯ ಪುಸ್ತಕ ತೆರೆದು
ನಿನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಳು.
ಮೇಲೆ ಅಲ್ಲ, ಕೆಳಗೆ. ಅಳಿಸುವುದೆಂದರೆ ಇಲ್ಲಿ ಹಾಗಂತೆ.
ನನ್ನ ಮೇಷ್ಟ್ರು ಹಾಗೆ ಗೆರೆ ಎಳೆದರೆ
ಅದನ್ನೇ ಪರೀಕ್ಷೆಗೆ ಕೇಳುತ್ತಿದ್ದರು.

ಸಂಜೆ ಅಣ್ಣ ಬೆಪೊ ಫೋನು ಮಾಡಿದ: ಇನ್ನು ಮಾರಬಹುದಲ್ಲ?
ಮೊದಲು ಮಾಡು, ಆಮೇಲೆ ಮಾತು ಎಂದೆ.
ಸೋಮವಾರ ಕಲ್ಲಿನವರು ಬರುತ್ತಾರೆ.
ಸುಣ್ಣ ಕಲಸಲಿಕ್ಕೆ ನೀರು ಬೇಕಂತೆ.
ತೊಟ್ಟಿಯಲ್ಲಿ ಎಷ್ಟಿದೆಯೋ ಸೇದಿಕೊಳ್ಳಿ ಎಂದಿದ್ದೇನೆ,
ಎರಡು ಕೊಡ ಬಿಟ್ಟು.