ನೂರ ಇಪ್ಪತ್ತರ ಜೆಟ್ಟು

ಕಾಟೀಹಳ್ಳಿ ಕೈಗಾರಿಕಾ ಪ್ರದೇಶದ ಕೊನೇ ಶೆಡ್ಡಿನಲ್ಲಿ
ಟ್ರ್ಯಾಕ್ಟರುಗಳ ನಡುವೆ ಒಂದು ದೋಣಿ
ಮೂತಿ ಎತ್ತಿ ಕೂತಿತ್ತು,
ದಾರಿ ತಪ್ಪಿ ಮದುವೆ ಮನೆಗೆ ನುಗ್ಗಿದ ಎಮ್ಮೆಯ ಹಾಗೆ.

ನೀರಾವರಿ ಇಲಾಖೆ ಹರಾಜಿಗಿಟ್ಟದ್ದು,
ಕೊಂಡವನು ಶೆಟ್ಟಿಹಳ್ಳಿಯ ಅಂತೋಣಪ್ಪ.
ಹಳೇ ಡೀಸೆಲ್ ಎಂಜಿನ್ನು ತುಕ್ಕು ಹಿಡಿದು ಬೆಲ್ಲದಚ್ಚು.
ಬಿಚ್ಚಿ ಇಳಿಸಿದೆವು.
ಅದರ ಜಾಗಕ್ಕೆ ಗುಜರಿಯಿಂದ ಬಂದ ಕಾಂಟೆಸ್ಸಾ ಕಾರಿನದು:
ಹದಿನೆಂಟು ನೂರು ಸಿಸಿ, ಪೆಟ್ರೋಲು,
ಶಿರಾಡಿಯ ತಿರುವುಗಳನ್ನೆಲ್ಲ ಬಾಯಿಪಾಠ ಮಾಡಿದ್ದು.
ನೀರಿಗೆ ತಿರುವಿಲ್ಲ ಅಂತ ಅದಕ್ಕೆ ಹೇಳುವವರಾರು?

ಉಳಿದದ್ದು ಕಾರ್ಬುರೇಟರ್.

ಅಂತೋಣಪ್ಪ ಮಲ್ಪೆವರೆಗೂ ಹೋಗಿ ಒಂದು ತಂದಿದ್ದ,
ಟವಲಿನಲ್ಲಿ ಸುತ್ತಿ, ಬಾಣಂತಿ ಮನೆಯ ಕೂಸಿನಂತೆ.
ನಾಲ್ಕು ಬಾಯಿ. ಮೈತುಂಬ ಕ್ರೋಮು.
"ಹಾರ್ಬೇಕು ಮೇಸ್ತ್ರಿ. ಮೂತಿ ನೀರು ಮುಟ್ಟಬಾರ್ದು."
ಇನಾಯತ್ ಮೇಸ್ತ್ರಿ ಹಲ್ಲಿನ ಡಾಕ್ಟರಂತೆ
ನಾಲ್ಕೂ ಬಾಯಿಗೆ ಟಾರ್ಚು ಬಿಟ್ಟು ನೋಡಿದರು.
"ಉಣ್ಣೋರು ನಾಲ್ಕು ಜನ, ದುಡಿಯೋನು ಒಬ್ಬ" ಅಂದರು.

ಆಮೇಲೆ ಕಪಾಟಿನ ತಳದಿಂದ ಇನ್ನೊಂದು ತೆಗೆದರು.
ಎರಡೇ ಬಾಯಿ, ಬೂದಿ ಬಣ್ಣ,
ಯಾವ ಬಂದರಿನಲ್ಲಿ ಮುದಿಯಾಯಿತೋ.
"ಇದರ ಉಸಿರು ಕೊಳವೆ ನೋಡು ತಿಮ್ಮೇಶಿ.
ಕಾರಿನದು ಹೊರಕ್ಕೆ ಬಾಯಿ ಬಿಡುತ್ತೆ, ಇದು ಒಳಕ್ಕೆ ಬಾಗಿದೆ.
ಫ್ಲೋಟು ಕೈಕೊಟ್ಟು ಪೆಟ್ರೋಲು ಉಕ್ಕಿದ್ರೆ ಎಂಜಿನ್ನೇ ಕುಡಿಯುತ್ತೆ.
ಕಾರಲ್ಲಿ ತೊಟ್ಟಿಕ್ಕಿದ್ದು ರಸ್ತೆಗೆ ಬೀಳುತ್ತೆ.
ದೋಣೀಲಿ ಎಲ್ಲಿಗೆ ಬೀಳುತ್ತೆ, ಹೇಳು?"

ನಾನು ಹೇಳಲಿಲ್ಲ. ಅವರ ಎಡಗೈ ನೋಡಿದೆ.
ಮೊಣಕೈವರೆಗೆ ಗುಲಾಬಿ, ರೋಮವಿಲ್ಲದ ಬಿಗಿದ ಚರ್ಮ.
ಹನ್ನೊಂದು ವರ್ಷ ಆ ಕೈಗೆ ಸ್ಪ್ಯಾನರು ಕೊಟ್ಟಿದ್ದೇನೆ.
ಮೊದಲು ಮಂಗಳೂರಿನ ಧಕ್ಕೆಯಲ್ಲಿದ್ದರಂತೆ,
ಅಷ್ಟೇ ಗೊತ್ತು.
"ಹೊಟ್ಟೇಲಿ" ಅಂದರು ಅವರೇ.
"ಸದ್ದಿಲ್ಲದೆ ಮಲಗಿರುತ್ತೆ, ಒಂದು ಕಿಡಿ ಬಂದು ಎಬ್ಬಿಸೋವರೆಗೂ."

ಏರ್ ಫಿಲ್ಟರ್ ಬೇಡ, ಬೆಂಕಿ ತಡೆಯುವ ಜಾಲರಿಯೇ ಆಗಬೇಕು.
ಬಾಯಿ ಮುಚ್ಚಿದ ಸ್ಟಾರ್ಟರು,
ಎರಡು ಪೊರೆಯ ಪೆಟ್ರೋಲ್ ಪಂಪು.
ಅಂತೋಣಪ್ಪ ಬೀಡಿ ಕಟ್ಟಿನ ಕಾಗದದ ಮೇಲೆ
ಕೂಡಿದ, ಕಳೆದ, ಮತ್ತೆ ಕೂಡಿದ.
"ಕಾರಿನದ್ದೇ ಹಾಕಿದ್ರೆ ಅರ್ಧಕ್ಕರ್ಧ ಉಳಿಯುತ್ತಲ್ಲ?"
ಮೇಸ್ತ್ರಿ ತೋಳು ಮಡಿಸಿದ್ದನ್ನು ಇನ್ನೊಂದು ಸುತ್ತು ಮಡಿಸಿದರು.
ಅವನು ಕಾಗದ ಮುದುರಿ ಜೇಬಿಗಿಟ್ಟ.
ನಾಲ್ಕು ಬಾಯಿಯದು ಈಗ ಅವನ ಮನೆ ಷೋಕೇಸಿನಲ್ಲಿದೆ,
ಮಾತೆ ಮರಿಯಮ್ಮನ ಪಕ್ಕ.

ಹೇಮಾವತಿಯ ಹಿನ್ನೀರಿಗೆ ಇಳಿಸಿದ ದಿನ
ದೋಣಿ ಕೆಮ್ಮಿತು, ಕರಿ ಹೊಗೆ ಕಾರಿತು, ನಿಂತಿತು.
ದಂಡೆಯ ಹುಡುಗರು ಶಿಳ್ಳೆ ಹೊಡೆದರು.
ಮೇಸ್ತ್ರಿ ಪ್ಲಗ್ಗು ಬಿಚ್ಚಿ ಬೆರಳಿಗೆ ಮಸಿ ಹಚ್ಚಿಕೊಂಡು ನಕ್ಕರು.
"ಇದು ಕಡಲ ಮಟ್ಟದ ಹಸಿವು.
ನಾವಿರೋದು ಮೂರು ಸಾವಿರ ಅಡಿ ಮೇಲೆ.
ಇಲ್ಲಿ ಗಾಳಿ ತೆಳು, ಊಟವೂ ತೆಳುವಾಗಬೇಕು."

ಸಾಸಿವೆ ಕಾಳೂ ತೂರದ ತೂತು,
ಅದರಲ್ಲೂ ದೊಡ್ಡದು ಚಿಕ್ಕದು.
ನೂರ ಮೂವತ್ತರ ಜೆಟ್ಟು ತೆಗೆದು ನೂರ ಇಪ್ಪತ್ತೈದು,
ಅದನ್ನೂ ತೆಗೆದು ನೂರ ಇಪ್ಪತ್ತು.
ಒಂದು ಸುತ್ತು ಹೋಗಿ ಬಂದು ಪ್ಲಗ್ಗು ನೋಡಿದರೆ
ಬೆಲ್ಲದ ಕಾಫಿಯ ಬಣ್ಣ.
ಮೇಸ್ತ್ರಿ ಕಣ್ಣು ಮುಚ್ಚಿ
ಐಡಲ್ ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ,
ಕೂದಲೆಳೆಯಷ್ಟು ಮುಂದಕ್ಕೆ.
ಎಂಜಿನ್ನಿಗೆ ಜೋಂಪು ಹತ್ತಿತು,
ತೊಡೆಯ ಮೇಲಿನ ಬೆಕ್ಕಿನ ಹಾಗೆ.

ಹಾರಲಿಲ್ಲ ದೋಣಿ. ಓಡಿತು.
ಎಂಟು ಜನ, ಎರಡು ಸೈಕಲ್ಲು, ಒಂದು ಹಿಂಡಿ ಮೂಟೆ.
"ಸಾಕು ಬಿಡಿ" ಅಂದ ಅಂತೋಣಪ್ಪ, ಪೂರ್ತಿ ಮನಸ್ಸಿಲ್ಲದೆ.
ಹೊರಡುವ ಮುಂಚೆ ಮೇಸ್ತ್ರಿ ಹಲಗೆ ಎತ್ತಿ,
ದೋಣಿಯ ಹೊಟ್ಟೆಗೆ ತಲೆ ತೂರಿಸಿ
ಬಹಳ ಹೊತ್ತು ಮೂಸಿದರು.

ಸಂಜೆ ಗೊರೂರಿನಿಂದ ಹಾಸನದ ಬಸ್ಸು.
ಟಿಕೆಟ್ಟಿಗೆ ಚಿಲ್ಲರೆ ಕೊಟ್ಟೆ.
ಕಂಡಕ್ಟರು ಲೈಟಿಗೆ ಹಿಡಿದು ನೋಡಿ
ಒಂದನ್ನು ನನ್ನ ಅಂಗೈಗೇ ವಾಪಸ್ಸು ಹಾಕಿದ.
ಹಿತ್ತಾಳೆ, ಬೆನ್ನ ಮೇಲೆ ನೂರ ಮೂವತ್ತು.
"ಇದು ಇಲ್ಲಿ ನಡೆಯಲ್ಲ ಸ್ವಾಮಿ."
"ಗೊತ್ತು" ಅಂದೆ.