ತೂತಿನ ಕಾಸು

ಬಿನ್ನಿ ಮಿಲ್ಲು ದಿನಕ್ಕೆ ಮೂರು ಸಲ ಕೂಗುತ್ತಿತ್ತು.
ಕಾಟನ್‌ಪೇಟೆಗೆ ಅದೇ ಗಡಿಯಾರ, ಅದೇ ಕೋಳಿ.
ಅಪ್ಪ ಮನೆಗೆ ಬಂದರೆ ಕಿವಿಯೊಳಗೆ, ಹುಬ್ಬಿನ ಮೇಲೆ
ಖಾಕಿ ನೂಲಿನ ಧೂಳು.
ಅವ್ವ ಸೆರಗಿನ ತುದಿ ಹುರಿಮಾಡಿ ತೆಗೆಯುವಳು,
‘ಯಾವ ಸಿಪಾಯಿಯ ಅಂಗಿಯೋ ಏನೋ’ ಅನ್ನುತ್ತ.

ಯುದ್ಧ ಎಲ್ಲಿತ್ತು? ನನಗೆ ಗೊತ್ತಿದ್ದದ್ದು
ಸೀಮೆಎಣ್ಣೆ ಕಾಣದ ಬುಡ್ಡಿ,
ಕಿಟಕಿಯ ಕಪ್ಪು ಕಾಗದ,
ಅದರ ಗಂಜಿಯಂಟು ಮೆಲ್ಲಲು ಬರುತ್ತಿದ್ದ ಇಲಿ.
ಅನ್ನ ಉಣ್ಣುವವರೆಲ್ಲ ರಾಗಿಗೆ ಇಳಿದರಂತೆ.
ನಾವು ಹತ್ತಿಯೇ ಇರಲಿಲ್ಲ, ಇಳಿಯುವುದೆಲ್ಲಿಂದ?

ಎದುರು ವಠಾರದ ಕುಪ್ಪಮ್ಮನ ಮನೆಗೆ
ರಂಗೂನಿನಿಂದ ನಡೆದು ಬಂದ ಹುಡುಗ, ಏಳುಮಲೈ.
ನನಗಿಂತ ಗೇಣು ಗಿಡ್ಡ. ಕಾಲಲ್ಲಿ ಉಳಿದದ್ದು ನಾಲ್ಕೇ ಉಗುರು.
ಅಷ್ಟು ದೂರ ಹೇಗೋ ನಡೆದೆ ಅಂದರೆ
‘ಮುಂದಿನವರ ಹಿಮ್ಮಡಿ ನೋಡಿಕೊಂಡು’ ಅಂದ.
ಅಮ್ಮ?
‘ಹಿಂದೆ ಬರ್ತಾ ಇದಾಳೆ.’
ಕುಪ್ಪಮ್ಮ ಒಲೆ ಊದುವುದನ್ನು ಜೋರು ಮಾಡಿದಳು.

ಮಿಲ್ಲು ಕೂಗಿದರೆ ಸಾಕು, ಅವನು ಹಗ್ಗದ ಮಂಚದ ಕೆಳಗೆ.
ಒಂದು ದಿನ ನಾನೂ ನುಸುಳಿದೆ.
ಬೆಲ್ಲ ಮುಗಿದ ಮಡಕೆ, ಹರಿದ ಚಾಪೆ, ಅವನ ಉಸಿರು.
ಹೇಳಿಕೊಟ್ಟೆ:
ಒಂದೇ ಸಮ ಕೂಗಿದರೆ ಪಾಳಿ, ಅಪ್ಪಂದಿರು ಬರ್ತಾರೆ.
ಏರಿ ಇಳಿದು, ಏರಿ ಇಳಿದು ಕೂಗಿದರೆ ಮಾತ್ರ ಬಾಂಬು.
ಬೆರಳು ಮಡಚಿ ಮಡಚಿ ಕಲಿತ, ಜಾಣ.
ಕಲಿತ ಮೇಲೂ ಮಂಚದ ಕೆಳಗೇ ಕೂತು ಎಣಿಸುತ್ತಿದ್ದ.

ಬಾಂಬು ಬೀಳಲಿಲ್ಲ ಬೆಂಗಳೂರಿಗೆ.
ಶಾಲೆಯಂಗಳದಲ್ಲಿ ತೋಡಿದ ಕಂದಕಕ್ಕೆ ಮಳೆ ತುಂಬಿ
ಕಪ್ಪೆಗಳು ಸಂಸಾರ ಹೂಡಿದವು.
ಹೊಸ ಕಾಸು ಬಂತು, ನಟ್ಟನಡುವೆ ತೂತು.
‘ಅಷ್ಟು ತಾಮ್ರ ಯುದ್ಧ ತಿಂತು’ ಅಂದರು ಮೇಷ್ಟ್ರು.
ಏಳುಮಲೈ ಒಂದನ್ನು ಉಡಿದಾರಕ್ಕೆ ಕಟ್ಟಿಕೊಂಡು
ಆ ತೂತಿನಲ್ಲಿ ಕಣ್ಣಿಟ್ಟು ವಿಮಾನ ನೋಡುವನು:
‘ನಮ್ಮದು.
ನಮ್ಮದು.
ಇದು ಗೊತ್ತಿಲ್ಲ.’

ಒಂದು ಬೆಳಿಗ್ಗೆ ಎದುರು ಮನೆಗೆ ಬೀಗ.
ಚಿನ್ನದ ಗಣಿ ಕಡೆ ಹೋದರು ಎಂದರು, ಗುಡಿಯಾತ್ತಂ ಅಂದರು.
ಆ ಕಾಸು ನನ್ನದು. ಸಾಲ ಕೊಟ್ಟಿದ್ದೆ.
ಇನ್ನೂ ವಾಪಸು ಬಂದಿಲ್ಲ.

ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು.
ಮೊನ್ನೆ ಬೇಸಿಗೆಯಲ್ಲಿ, ಮಗಳ ಹತ್ತನೇ ಮಹಡಿಯಲ್ಲಿ
ನಡುಮಧ್ಯಾಹ್ನ ಸೈರನ್ ಕೂಗಿತು.
‘ಪರೀಕ್ಷೆಗೆ ಅಜ್ಜಿ, ಸುಮ್ಮನೆ’ ಎಂದು
ಮೊಮ್ಮಗ ಫೋನು ಹಿಡಿದು ಬಾಲ್ಕನಿಗೆ ಓಡಿದ.
ನನ್ನ ಬೆರಳು ಆಗಲೇ ಮಡಚಿಕೊಂಡಿದ್ದವು:
ಏರಿತು, ಇಳಿಯಿತು, ಏರಿತು.

ಮಂಡಿಯೂರಿ ನೋಡಿದೆ.
ಈಗಿನ ಮಂಚಗಳಿಗೆ ಕೆಳಗು ಎಂಬುದೇ ಇಲ್ಲ,
ಬರೀ ಪೆಟ್ಟಿಗೆ, ನೆಲಕ್ಕೆ ಕೂತುಬಿಟ್ಟಿರುತ್ತೆ.