ಬೀಜ ಬಂದ ದಾರಿ

ಫೋನು ಹೇಳುತ್ತದೆ: ಹಾಸನದಿಂದ ಜಲಂಧರಕ್ಕೆ
ಎರಡೂವರೆ ಸಾವಿರ ಕಿಲೋಮೀಟರು, ಒಂದೇ ನೀಲಿ ಗೆರೆ.
ದಸ್ತಗೀರಣ್ಣ ಫೋನನ್ನು ಬೋರಲು ಹಾಕಿ
‘ಚೀಟಿ ಕೊಡವ್ವ’ ಅನ್ನುತ್ತಾನೆ.

ಎಪಿಎಂಸಿ ಯಾರ್ಡಿನ ತೂಕದ ಕೋಣೆ. ನವೆಂಬರು.
ಆಲೂಗಡ್ಡೆ ಮುಗಿದು, ಜೋಳವೂ ಮುಗಿಯುತ್ತ ಬಂದು
ಕಾಟಾದ ಮೇಲೆ ನಾಯಿ ಮಲಗಿದೆ.
ನನ್ನ ಪರದೆಯಲ್ಲಿ ಕೆಂಪಗೆ: ಇಪ್ಪತ್ತು ಕಿಲೋ.

ರದ್ದಾದ ಚೀಟಿಗಳ ಬೆನ್ನಿಗೆ ಆತ ದಾರಿ ಬರೆಯುತ್ತಿದ್ದಾನೆ.
ಇಪ್ಪತ್ತೆರಡು ವರ್ಷ, ಬೇಸಿಗೆ ಬಂತೆಂದರೆ
ಬಿತ್ತನೆಗಡ್ಡೆ ತರಲು ಲಾರಿ ಓಡಿಸಿದ ದಾರಿ.
ಆದರೆ ಶುರು ಮಾಡಿದ್ದು ಜಲಂಧರದಿಂದ, ಇತ್ತ.
ನಾನು ಹೋಗೋದು ಅತ್ತ ಕಣಣ್ಣ, ಅಂದರೆ
‘ಹೋಗುವಾಗ ಗಾಡಿ ಹಗುರ.
ಹಗುರದ ದಾರಿ ನೆನಪಲ್ಲಿ ಉಳಿಯಲ್ಲ ಕಣವ್ವ.
ನೀನು ಕೆಳಗಿಂದ ಮೇಲಕ್ಕೆ ಓದ್ಕೊ.’

ಕೋಲ್ಡ್ ಸ್ಟೋರೇಜಿನ ಗೇಟು. ಹಿಸಾರಿನ ಟೋಲು.
ಕೋಟಾದಲ್ಲಿ ಟೈರು ತಣ್ಣಗಾಗಲು ಎರಡು ಗಂಟೆ.
ಸೇಂಧ್ವಾ ದಾಟಿ ಘಾಟಿ ಇಳಿಯುವಾಗ ಪೆನ್ನೂ ನಿಧಾನ:
‘ಎರಡನೇ ಗೇರು. ಬ್ರೇಕ್ ಕಾಯಿಸಬೇಡ.
ಮುಂದಿನ ಗಾಡಿಗೆ ನೂರಡಿ ಬಿಡು.’
ದಸ್ತಗೀರಣ್ಣ, ನನಗದು ಏರು. ನನ್ನದು ಪಲ್ಸರ್.
‘ಹೌದಲ್ವಾ’ ಎಂದು ನಗುತ್ತಾನೆ,
ಮುಂದಿನ ತಿರುವಿಗೂ ಮತ್ತೆ
ಹದಿನಾರು ಟನ್ನಿನ ಎಚ್ಚರವನ್ನೇ ಬರೆಯುತ್ತಾನೆ.

ಚಾಳೀಸ್‌ಗಾಂವ್ ಕಳೆದು ಒಂದನೇ ಗೇರಲ್ಲಿ ತೆವಳಿ
ಮೇಲೆ ಬಂದರೆ ಒಂದು ಊರಂತೆ. ಹೆಸರು ಕನ್ನಡ.
‘ದೇವರಾಣೆ. ಬೋರ್ಡಲ್ಲೇ ಹಂಗೈತೆ.’
ಮೊದಲ ವರ್ಷ, ಆರು ದಿನ ಮಾತಿಲ್ಲದೆ ಬಂದವನು
ಹಿಂದಿ ಅಕ್ಷರ ಕೂಡಿಸಿ ಕೂಡಿಸಿ ಓದಿ
ಲಾರಿ ನಿಲ್ಲಿಸಿ, ಓಡಿಹೋಗಿ, ಹೋಟ್ಲಿನವನಿಗೆ
‘ಒಂದು ಟೀ ಕೊಡಣ್ಣ’ ಅಂದನಂತೆ.
ಊರಲ್ಲಿ ಒಬ್ಬನಿಗೂ ಕನ್ನಡ ಬರಲ್ಲ.
‘ಆದ್ರೂ ಟೀ ಕೊಟ್ಟ.’
ಅಲ್ಲಿಂದ ವರ್ಷ ವರ್ಷವೂ ಅದೇ ಅಂಗಡಿ, ಅದೇ ಮಾತು.
ಹನ್ನೆರಡನೇ ವರ್ಷ ಆ ಮನುಷ್ಯನೇ ಕೇಳಿದ: ‘ಸಕ್ರೆ?’
ಮರಾಠಿಯವರ ಸಾಖರೋ, ನಮ್ಮ ಸಕ್ಕರೆಯೋ
ದಸ್ತಗೀರಣ್ಣನಿಗೆ ಇವತ್ತಿಗೂ ತೀರ್ಮಾನವಿಲ್ಲ.
ಚೀಟಿಯಲ್ಲಿ ಆ ಊರಿಗೆ ಎರಡು ಗೆರೆ ಎಳೆದ.
ಔರಂಗಾಬಾದಿನಲ್ಲಿ ತಂಗಿದರೆ ಅಲ್ಲಿ ನಿಲ್ಲಬೇಕಾದ್ದೇ ಇಲ್ಲ.
ನಿಲ್ಲುತ್ತೇನೆ.

ಸೊಲ್ಲಾಪುರದ ಆಚೆ ಒಂದು ಬೇವಿನ ಮರ:
ಕ್ಲೀನರ್ ಚೆಲುವ ಓಡಿಹೋದದ್ದು ಅಲ್ಲಿ,
ಮರುವರ್ಷ ಅದೇ ಮರದಡಿ
ಸೋಡಾ ಗಾಡಿ ಹಾಕಿಕೊಂಡು ಸಿಕ್ಕಿದ್ದು.
‘ಇದ್ರೆ ಕುಡಿ. ದುಡ್ಡು ಕೊಡಬೇಡ.
ನನ್ನ ಹನ್ನೊಂದು ನೂರು ಅವನ ಹತ್ರ ಐತೆ.’
ಇಳಕಲ್ಲು ಅಂದರೆ ಸ್ನಾನ. ಹಿರಿಯೂರು ಅಂದರೆ ಗ್ರೀಸು.

ಸಂಜೆ, ನಾಯಿಯನ್ನು ಎಬ್ಬಿಸಿ
ಬೈಕು ಕಾಟಾಕ್ಕೆ ಹತ್ತಿಸಿದೆವು. ಟೆಂಟು, ಟ್ಯೂಬು,
ಬಟ್ಟೆ, ಅತ್ತಿಗೆ ಬೇಡವೆಂದರೂ ತುರುಕಿದ ಚಟ್ನಿಪುಡಿ:
ನೂರ ಎಂಬತ್ತು.
ನಾನು ಹತ್ತಿ ಕೂತೆ. ಕಿಟಕಿಯಿಂದ ಕೂಗಿದ:
‘ಇನ್ನೂರ ಮೂವತ್ತು!’
ಹತ್ತು ವರ್ಷ ಊರವರ ತೂಕ ಬರೆದಿದ್ದೇನೆ,
ಈ ಹಲಗೆಯ ಮೇಲೆ ನಾನು ನಿಂತದ್ದೇ ಇಲ್ಲ.
‘ಐವತ್ತು ಕಿಲೋ. ಸರಿಯಾಗಿ ಒಂದು ಮೂಟೆ ಬೀಜ.
ಅಲ್ಲಿ ಕೇಳಿದ್ರೆ ಹೇಳು,
ಒಂದು ಮೂಟೆ ವಾಪಸ್ ಕಳಿಸಿದೀವಿ ಅಂತ.’

ಈಗ ರಾತ್ರಿ. ಸಂತೇಪೇಟೆಯ ಮನೆಯಲ್ಲಿ
ಹದಿನೇಳು ಚೀಟಿ ನೆಲಕ್ಕೆ ಹರಡಿ
ಕೆಳಗಿಂದ ಮೇಲಕ್ಕೆ ಓದುತ್ತಿದ್ದೇನೆ.
ಮುಂಭಾಗದಲ್ಲಿ ಯಾರ್ಯಾರದೋ ಶುಂಠಿ, ಯಾರದೋ ಜೋಳ,
ಒಂದರಲ್ಲಿ ನನ್ನದೇ ಕೈಬರಹದ ತಪ್ಪು ಲೆಕ್ಕ.
ಕೊನೆಯ ಚೀಟಿ ಹುಳಿಯಾರಿಗೆ ನಿಲ್ಲುತ್ತದೆ.
ಅರಸೀಕೆರೆ ಯಾಕೆ ಬರೆದಿಲ್ಲ ಅಂದಿದ್ದಕ್ಕೆ
‘ಅಲ್ಲಿಗೆ ಬಂದ್ರೆ ಮನೆ ಬಂದಂಗೇ,
ಅದಕ್ಕೇನ್ ಬರೀಲಿ?’ ಅಂದಿದ್ದ.

ನಾಳೆ ಐದೂವರೆಗೆ ಹೊರಡಬೇಕು.
ಮೊದಲ ತೊಂಬತ್ತು ಕಿಲೋಮೀಟರಿಗೆ
ನನ್ನ ಬಳಿ ಚೀಟಿಯಿಲ್ಲ.